ಗಾಳಿಯೊಳಗಿನ ನೀರು

ಟ್ರೇಲರಿಗೆ ಹೊಡೆದ ಬಣ್ಣ ಕೆಟ್ಟರೆ ಮೊದಲು ಬೈಸಿಕೊಳ್ಳೋನು ಗನ್ ಹಿಡಿದ ಹುಡುಗ. ಆಮೇಲೆ ಬಣ್ಣದ ಕಂಪನಿ. ಗಾಳಿಯನ್ನ ಮಾತ್ರ ಯಾರೂ ಬೈಯಲ್ಲ. ಕಣ್ಣಿಗೆ ಕಾಣಲ್ಲವಲ್ಲ!

ನಮ್ಮ ಸದಲಗಾ ಕಡೆ ಕಬ್ಬಿನ ಹಂಗಾಮು ಶುರುವಾಗೋದು ಅಕ್ಟೋಬರ್-ನವೆಂಬರಿಗೆ. ಅಷ್ಟರೊಳಗೆ ಟ್ರೇಲರುಗಳು ರೆಡಿ ಆಗಬೇಕು. ಅಂದ್ರೆ ವೆಲ್ಡಿಂಗು, ಬಣ್ಣ ಎಲ್ಲಾ ಮಳೆಗಾಲದಲ್ಲೇ. ದೂಧಗಂಗಾ ತುಂಬಿ ಮಲಿಕವಾಡ-ದತ್ತವಾಡ ಸೇತುವೆ ಮುಳುಗೋ ಕಾಲ ಅದು. ಗಾಳಿಯಲ್ಲಿ ತೇವ ಅತಿ ಹೆಚ್ಚಿರುವಾಗಲೇ ನಾವು ಆ ಗಾಳಿಯನ್ನ ಹಿಂಡಿ ಬಣ್ಣ ಹೊಡೀತೀವಿ.

ಕಾಕಾನ ಶೆಡ್ಡಿನಲ್ಲಿ ಆಗಿದ್ದೂ ಅದೇ. ಬಣ್ಣದ ಮೇಲೆ ಅಲ್ಲಲ್ಲಿ ಗುಳ್ಳೆ, ಸಾಸಿವೆ ಕಾಳಿನಷ್ಟು ಗುಳಿ. ಗಿರಾಕಿ ಟ್ರೇಲರ್ ಒಯ್ಯಲಿಲ್ಲ. ಹುಡುಗನ ನಾಲ್ಕು ದಿನದ ಪಗಾರ ಕಟ್. "ಅವನ ಕೈಗುಣಾನ ಸರಿ ಇಲ್ಲ ಬಿಡಪಾ ತಮ್ಮಾ" ಅಂದರು ಕಾಕಾ. ಆ ಹುಡುಗನೋ, ತುಟಿ ಪಿಟಕ್ಕೆನ್ನಲಿಲ್ಲ.

ಕೈಗುಣ ಬಿಡಿ, ಲೆಕ್ಕ ಹಾಕೋಣ. 30 ಡಿಗ್ರಿ ಬಿಸಿ, 80% ತೇವ ಇರೋ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತೆ. ಕಂಪ್ರೆಸರಿನ ಮೀಟರ್ 7 ಬಾರ್ ತೋರಿಸ್ತಿದ್ದರೆ ಎಂಟು ಪಾಲು ಗಾಳಿ ಒಂದು ಪಾಲಿನ ಜಾಗಕ್ಕೆ ಬಂತು ಅಂತ ಅರ್ಥ. ಆದರೆ 30 ಡಿಗ್ರಿಯಲ್ಲಿ ಅಷ್ಟು ಜಾಗ ಹಿಡಿಯೋದು ಸುಮಾರು 30 ಗ್ರಾಂ ಆವಿ ಮಾತ್ರ. ಮಿಕ್ಕಿದ್ದೆಲ್ಲ ನೀರು! ಗನ್ನು ನಿಮಿಷಕ್ಕೆ 280 ಲೀಟರ್ ಗಾಳಿ ಎಳೆದರೆ ಐದು ಗಂಟೆಗೆ ಒಂದೂವರೆ ಲೀಟರಿಗೂ ಹೆಚ್ಚು ನೀರಾಯ್ತು.

"ಫಿಲ್ಟರ್ ಐತಲ್ಲೋ" ಅಂದರು ಕಾಕಾ. ಇತ್ತು, ಕಂಪ್ರೆಸರಿಗೆ ಅಂಟಿಕೊಂಡೇ ಇತ್ತು. ಅಲ್ಲೇ ಇರೋದು ತೊಂದರೆ. ಹಿಂಡಿದ ಗಾಳಿ ಬಿಸಿಯಾಗಿರುತ್ತೆ. 50 ಡಿಗ್ರಿಯ ಗಾಳಿ ಘನ ಮೀಟರಿಗೆ 83 ಗ್ರಾಂ ಆವಿ ಹೊತ್ತುಕೊಂಡು ಹೋಗಬಲ್ಲದು. ಫಿಲ್ಟರ್ ಹಿಡಿಯೋದು ಹನಿಯನ್ನ, ಆವಿಯನ್ನಲ್ಲ. ಫಿಲ್ಟರ್ ದಾಟಿದ ಮೇಲೆ ತಣ್ಣನೆ ನೆಲದ ಮೇಲಿನ ಪೈಪಿನಲ್ಲಿ ಗಾಳಿ ಆರಿ ಅಲ್ಲಿ ಹನಿಗಟ್ಟುತ್ತೆ. ಅಲ್ಲಿಂದ ಸೀದಾ ಬಣ್ಣಕ್ಕೆ. ಗುಳಿ ಬೀಳಿಸೋದು ಸಾಮಾನ್ಯವಾಗಿ ಎಣ್ಣೆ. ಪಿಸ್ಟನ್ನಿನ ರಿಂಗು ಸವೆದರೆ ಕಂಪ್ರೆಸರಿನ ಎಣ್ಣೆಯೂ ಗಾಳಿ ಜೊತೆ ಬರುತ್ತೆ.

ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಡ್ರೈಯರ್ ಇರುತ್ತೆ. ಫ್ರಿಜ್ಜಿನ ಥರ ಗಾಳಿಯನ್ನ ಸುಮಾರು 3 ಡಿಗ್ರಿಗೆ ಇಳಿಸಿ ನೀರು ಸುರಿಸಿಬಿಡುತ್ತೆ. ಗಾಳಿ ಎಷ್ಟು ಶುದ್ಧ ಅಂತ ದರ್ಜೆ ಹಾಕೋಕೆ ಐಎಸ್‌ಒ 8573-1 ಅನ್ನೋ ಮಾನದಂಡವೇ ಇದೆ. ಕಾಕಾನ ಶೆಡ್ಡಿಗೆ ಅಷ್ಟು ದುಡ್ಡು ಎಲ್ಲಿಂದ ತರೋದು?

ಮಾಡಿದ್ದು ಇಷ್ಟೇ. ಗೋಡೆಗುಂಟ ಹತ್ತು ಮೀಟರ್ ಜಿಐ ಪೈಪು, ಮುಂದಕ್ಕೆ ಸ್ವಲ್ಪ ಇಳಿಜಾರು, ಕೊನೆಗೆ ನೀರು ಬಿಡೋ ನಲ್ಲಿ. ಗಾಳಿ ಅಷ್ಟು ದೂರ ಹೋಗೋದರೊಳಗೆ ಆರುತ್ತೆ. ಗನ್ನಿನ ಲೈನು ತೆಗೆದಿದ್ದು ಪೈಪಿನ ತಲೆಯಿಂದ, ತಳದಿಂದಲ್ಲ. ತಳದಲ್ಲಿ ನೀರು ಹರಿಯುತ್ತಲ್ಲ. ಫಿಲ್ಟರ್ ಈಗ ಗನ್ನಿನ ಹತ್ತಿರ. ರಿಂಗು ಹೊಸವು. ಟ್ಯಾಂಕಿನ ತಳದ ನಲ್ಲಿ ದಿನಾ ಬಿಡಬೇಕು. ಬಣ್ಣ ತುಂಬೋ ಮೊದಲು ಬರೀ ಗಾಳಿಯನ್ನ ಬಿಳಿ ಬಟ್ಟೆಗೆ ಊದಿ ನೋಡಬೇಕು. ಕಲೆ ಬಿದ್ದರೆ ಅವತ್ತು ಬಣ್ಣ ಇಲ್ಲ.

ಮೊದಲ ಸಲ ಟ್ಯಾಂಕಿನ ನಲ್ಲಿ ಬಿಟ್ಟಾಗ ಬಂದ ಕಂದು ನೀರಿಗೆ ಬಕೆಟ್ಟೇ ಬೇಕಾಯ್ತು. ಕಾಕಾ ಬಕೆಟ್ ನೋಡಿದರು, ಹುಡುಗನ್ನ ನೋಡಿದರು, ಏನೂ ಹೇಳಲಿಲ್ಲ. ಆ ವಾರದ ಪಗಾರಕ್ಕೆ ನಾಲ್ಕು ದಿನದ ದುಡ್ಡು ಸೇರಿಸಿ ಕೊಟ್ಟರು. ಅವನು ಎರಡು ಸಲ ಎಣಿಸಿ ಜೇಬಿಗಿಟ್ಟುಕೊಂಡ.