‘ರಿ’ ಯಾರಿಗೆ, ‘ನೀ’ ಯಾರಿಗೆ?

ಪಂಚಮಿ ಉಂಡಿ ಡಬ್ಬಿ ಖಾಲಿ ಆದುವೋ ಇಲ್ಲೋ? ನಮ್ಮನ್ಯಾಗ ಶೇಂಗಾ ಉಂಡಿ ಮುಗದಾವ, ಎಳ್ಳುಂಡಿ ಇನ್ನ ನಾಕ ಉಳದಾವ. ಈ ಸಲ ಪಂಚಮಿಗೆ ಮಗಳು, ಅಳಿಯ, ಮೊಮ್ಮಗ ಸ್ವೀಡನ್‌ದಿಂದ ಬಂದಿದ್ರು. ಅವರು ಹೋಗಿ ಹದಿನೈದು ದಿನಾ ಆತು, ಮನಿ ಬಣಾಬಣಾ ಅನ್ನಾಕತ್ತೈತಿ.

ಮೊಮ್ಮಗಗ ಆರು ವರ್ಷ. ಕನ್ನಡ ಚೊಲೋ ಮಾತಾಡ್ತಾನ, ಮಗಳು ಅದಕ್ಕ ಭಾಳ ಕಷ್ಟಪಟ್ಟಾಳ. ಆದ್ರ ಆಂವಗ ಎಲ್ಲಾರೂ ‘ನೀ’ನ. ನನಗ “ಆಯಿ, ನೀ ಬಾ” ಅಂದ್ರ ನಂಗೇನೂ ಅನಸೂದಿಲ್ಲ. ನಮ್ಮ ಕಡೆ ಅವ್ವಗ, ಆಯಿಗೆ ನೀ ಅನ್ನೂದ ರೂಢಿ, ದೇವರಿಗೂ ನೀ ಅಂತೀವಿ. ಆದ್ರ ಅಪ್ಪಗ, ಅಜ್ಜಗ, ಮಾವಗ ‘ರಿ’ ಹಚ್ಚಲಾರದ ಮಾತಾಡಿದ್ರ ನಮ್ಮ ಕಾಲಕ್ಕ ಬಾಯಿ ಮ್ಯಾಲ ಬೀಳ್ತಿತ್ತು. ಈ ಹುಡುಗ ಬಂದ ದಿನಾನ, “ಅಜ್ಜಾ, ನೀ ಅಂಗಿ ಯಾಕ ಹಾಕ್ಕೊಂಡಿಲ್ಲ?” ಅಂತ ಕೇಳಿದ. ಪಡಸಾಲ್ಯಾಗ ಇಬ್ಬರು ಮಂದಿ ಬಂದು ಕುಂತಿದ್ರು. ನಮ್ಮ ಮನೆಯವರ ಮಾರಿ ಇಷ್ಟ ಆತು.

ಮಂದಿ ಹೋದಮ್ಯಾಲ “ಏನವಾ, ಮಗಗ ರಿ ಅನ್ನೂದು ಕಲಿಸಿಲ್ಲೇನು?” ಅಂದ್ರು.

ಮಗಳು ಹೇಳಿದ್ಲು. “ಅಪ್ಪಾ, ಅಲ್ಲಿ ರಿ ಅನ್ನೂದ ಇಲ್ರಿ. ಸಾಲಿ ಟೀಚರ್‌ಗೆ ಹೆಸರು ಹಿಡದ ಕರೀತಾರ, ನಾನೂ ನಮ್ಮ ಸಾಹೇಬ್ರಿಗೆ ಹೆಸರು ಹಿಡದ ಕರೀತೀನಿ. ಎಲ್ಲಾರಿಗೂ ‘ದು’, ಅಂದ್ರ ನೀ.” ಮೊದಲ ಹಂಗ ಇರಲಿಲ್ಲಂತ. ನಮಗಿಂತ ಒಂದು ಕೈ ಮ್ಯಾಲ ಇದ್ರಂತ. ಡಾಕ್ಟರ್ ಎದುರಿಗೇ ಕುಂತಿದ್ರೂ “ಡಾಕ್ಟರ್ ಸಾಹೇಬ್ರು ಚಾ ತಗೋತಾರೇನು?” ಅಂತ ಬ್ಯಾರೆ ಯಾರದೋ ಸುದ್ದಿ ಕೇಳಿದಂಗ ಕೇಳಬೇಕಾಗಿತ್ತಂತ. ಎದುರಿಗಿದ್ದವರ ಹುದ್ದೆ ಗೊತ್ತಿಲ್ಲಂದ್ರ ಬಾಯಿ ತೆಗೆಯೂದ ಕಷ್ಟ. 1967ರಾಗ ಅಲ್ಲಿ ವೈದ್ಯಕೀಯ ಮಂಡಳಿಗೆ ಮುಖ್ಯಸ್ಥ ಆಗಿ ಬಂದ ಬ್ರೂರ್ ರೆಕ್ಸೆಡ್ ಅನ್ನವರು, ನಾನು ನಿಮಗೆಲ್ಲಾ ‘ದು’ ಅಂತೀನಿ, ನೀವೂ ನನಗ ಹಂಗ ಅನ್ರಿ ಅಂತ ಆಫೀಸಿನವರಿಗೆ ಹೇಳಿದ್ರಂತ. ಆ ಹೊತ್ತಿಗೆ ಗಾಳಿನೂ ಆ ಕಡೇನ ಬೀಸಾಕತ್ತಿತ್ತು. ಕೆಲವು ವರ್ಷದಾಗ ಇಡೀ ದೇಶ ಹಂಗ ಮಾತಾಡಾಕ ಸುರು ಮಾಡ್ತು. ಈಗ ರಾಜರ ಮನೆತನಕ್ಕಷ್ಟ ಹಳೇ ಮರ್ಯಾದಿ ಉಳದೈತಿ.

ನಗಿ ಬರೋ ಮಾತೊಂದು ಕೇಳ್ರಿ. ಅವರ ಭಾಷಾದಾಗೂ ‘ನೀ’ ಅನ್ನೋ ಮಾತೈತಿ, ಆದ್ರ ಅದರ ಅರ್ಥ ‘ನೀವು’! ಹಿಂದ ಅದನ್ನ ದೊಡ್ಡವರು ತಮ್ಮ ಕೈಕೆಳಗಿನವರಿಗೆ ಅಂತಿದ್ರು, ಅದಕ ಭಾಳ ಮಂದಿಗೆ ಅದು ಸೇರತಿರಲಿಲ್ಲಂತ. ನೀವು ಅನಿಸಿಕೊಂಡ್ರೂ ಅವಮಾನ ಆಗೂದು ಅಂದ್ರ ನಂಗ ಅವತ್ತ ಖರೇ ಅನಸಲಿಲ್ಲ.

ಇಷ್ಟೆಲ್ಲಾ ಕೇಳಿದ್ರೂ ನಮ್ಮ ಮನೆಯವರು ಬಿಡಲಿಲ್ಲ. ಒಂದು ರಿಗೆ ಒಂದು ಪೇಪರ್‌ಮೆಂಟ್ ಅಂತ ಲೆಕ್ಕಾ ಇಟ್ರು. ನಾಕ ದಿನದಾಗ ಹುಡುಗ ತಯಾರಾದ. “ದೊಡ್ಡವರಿಗೆ ರಿ, ಸಣ್ಣವರಿಗೆ ನೀ” ಅಂತ ಪಾಠಾ ಒಪ್ಪಿಸಿದ. ಹಾಲಿನವಗ ರಿ, ಬಾಜು ಮನಿ ಅಜ್ಜಿಗೆ ರಿ, ಓಣ್ಯಾಗಿನ ಆಕಳಕ್ಕೂ “ಸರೀರಿ” ಅಂದ. ಪೇಪರ್‌ಮೆಂಟ್ ಡಬ್ಬಿ ಅರ್ಧಾ ಆತು.

ಒಂದಿನ ಮುಂಜಾನೆ ಭಾಂಡೆ ತಿಕ್ಕಾಕ ಬರೋ ಆಕಿ ಹಿತ್ತಲದಾಗ ಕುಂತಿದ್ಲು. ಹುಡುಗ ಹೋಗಿ “ಚಾ ಕುಡೀರಿ, ಆರತೈತಿ” ಅಂದ. ಅಂದಾಂವನ ಓಡಿ ಬಂದು ಅಜ್ಜನ ಮುಂದ ಕೈ ಚಾಚಿದ. ಇವರು “ಆಕಿಗೆ ರಿ ಬ್ಯಾಡೋ” ಅಂದ್ರು.

“ಯಾಕ್ರಿ? ಆಕಿ ಆಯಿಗಿಂತ ಸಣ್ಣಾಕಿ ಏನ್ರಿ?”

ಇವರು ಪೇಪರ್ ಮಗ್ಗಲಾ ಹೊಳ್ಳಿಸಿದ್ರು. ಮಗಳು ನನ್ನ ಮಾರಿ ನೋಡಿದ್ಲು. ಹಿತ್ತಲದಾಗ ಭಾಂಡೆ ಸಪ್ಪಳ ಒಂದೀಟ ನಿಂತು ಮತ್ತ ಸುರು ಆತು. ಪೇಪರ್‌ಮೆಂಟ್ ಮಾತ್ರ ಸಿಗಲಿಲ್ಲ.

ಆಕಿ ನನಗಿಂತ ಆರು ವರ್ಷಕ್ಕ ದೊಡ್ಡಾಕಿ. ಇಪ್ಪತ್ತೆರಡು ವರ್ಷದಿಂದ ನಮ್ಮ ಮನಿಗೆ ಬರ್ತಾಳ. ನಮ್ಮ ಅತ್ತಿ ಹಾಸಿಗಿ ಹಿಡದಾಗ ನನ್ನ ಕೂಡ ಅವರನ್ನ ಎತ್ತಿ ಕೂಡ್ರಿಸಿದಾಕಿ ಆಕೀನ. ಆರು ವರ್ಷದ ಮೊಮ್ಮಗಗ “ಸಣ್ಣ ಸಾವ್ಕಾರ್ರ, ಬರ್ರಿ” ಅಂತಾಳ. ಆಕಿ ಹೆಸರು ಇಲ್ಲಿ ಬರಿಯೂದಿಲ್ಲ, ಆದ್ರ ಆ ಹೆಸರಿನ ಕಡೀಕ ‘ಅವ್ವ’ ಐತಿ. ಅತ್ತಿ ಆ ಅವ್ವನ್ನ ಕತ್ತರಿಸಿ ಒಗದು, ಒಂದ ತುಂಡು ಹೆಸರಿಲೆ ಕರೀತಿದ್ರು. ನಾನೂ ಹಂಗ ಕರದೆ, ನನ್ನ ಮಕ್ಕಳೂ ಹಂಗ ಕರದ್ರು. ನನ್ನ ಗಂಡ ನನಗ ನೀ ಅಂತಾರ, ನಾನು ‘ರೀ’ ಅಂತೀನಿ ಅಂತ ನಾ ಎಷ್ಟ ಸಲ ನಿಮ್ಮ ಮುಂದ ಗೊಣಗೀನಿ. ಬೆಳಗಾಂವಿ ವೈನಿ “ಮರಾಠ್ಯಾಗೂ ಗಂಡಗ ‘ಅಹೋ’ ಅಂತ ಕರದು, ಆಂವನ ಕಡಿಂದ ‘ತೂ’ ಅನಿಸಿಕೊಂಡವರ ನಾವೂ” ಅಂತಿದ್ಲು, ಇಬ್ಬರೂ ಕೂಡಿ ನಗತಿದ್ವಿ. ಆ ನಗಿ ಒಳಗ ನಮ್ಮ ಹಿತ್ತಲದಾಗ ಕುಂತಾಕಿ ನೆನಪ ಒಮ್ಮೆನೂ ಆಗಿರಲಿಲ್ಲ.

ಮಗಳು ಹೋದ ಮರುದಿನ ಧೈರ್ಯ ಮಾಡಿದೆ. ಮನ್ಯಾಗ ಯಾರೂ ಇರಲಿಲ್ಲ. “ತಗೋರಿ, ಚಾ ಕುಡೀರಿ” ಅಂದೆ.

ಆಕಿ ಕೈಯಾಗಿನ ಪಾತೇಲಿ ಕೆಳಗಿಟ್ಲು. “ಯಾಕ್ರಿ ಅವ್ವಾರ, ನಂದೇನ ತಪ್ಪಾತ್ರಿ? ಕೆಲಸಕ್ಕ ಬ್ಯಾರೆದಾಕಿನ್ನ ನೋಡೀರೇನ್ರಿ?”

ನಂಗ ತಿಳೀಲಿಲ್ಲ. ಆಮ್ಯಾಲ ಹೇಳಿದ್ಲು. ಮೊದಲ ಒಂದು ಮನ್ಯಾಗ ಒಂಬತ್ತು ವರ್ಷ ದುಡದಿದ್ಲಂತ. ಅಷ್ಟೂ ವರ್ಷ ‘ಬಾ, ಹೋಗ’ ಅಂದವರು, ಬಿಡಿಸೋ ದಿನ ಮಾತ್ರ “ನಾಳಿಂದ ಬರಬ್ಯಾಡ್ರಿ” ಅಂದ್ರಂತ. ಆಕಿ ಜೀವಮಾನದಾಗ ಒಂದು ಮನಿಯಿಂದ ಸಿಕ್ಕ ರಿ ಅದೊಂದ. ಸ್ವೀಡನ್ನಿನ ‘ನೀ’ ಕತಿ ನಂಗ ಆವಾಗ ಖರೇ ಅನಿಸ್ತು. “ಹಂಗೇನಿಲ್ಲವಾ” ಅಂತ ಆಕಿನ್ನ ಸಮಾಧಾನ ಮಾಡೂದ್ರಾಗ ಚಾ ಆರಿತ್ತು.

ಆ ರಾತ್ರಿ ನಿದ್ದಿ ಬರಲಿಲ್ಲ. ನಾವು ಸಾಲ್ಯಾಗ ಓದಿದ ಶರಣ-ಶರಣೆಯರ ಹೆಸರು ಒಂದೊಂದ ನೆನಪಾದ್ವು. ರಾಟಿ ತಿರುವಾಕಿ ಕದಿರ ರೆಮ್ಮವ್ವೆ. ಅಕ್ಕಿ ಆಯೋ ಕಾಯಕದ ಆಯ್ದಕ್ಕಿ ಲಕ್ಕಮ್ಮ. ಸೂಳೆ ಸಂಕವ್ವ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ. ಕೆಲಸಾ ಯಾವುದರ ಇರಲಿ, ಹೆಸರಿನ ಕಡೀಕ ಅವ್ವ, ಅಮ್ಮ, ಅಯ್ಯ ಹಂಗ ಐತಿ. ಎಂಟುನೂರು ವರ್ಷ ದಾಟಿದ್ರೂ ಯಾರೂ ಕತ್ತರಿಸಿಲ್ಲ. ಕರಿಯೋ ಮಾತಿನ ಮ್ಯಾಲೇ ಬಸವಣ್ಣನವರದ ಒಂದು ವಚನ ಐತಿ, ನಾನು ಅದನ್ನ ಸಾಲ್ಯಾಗ ಬಾಯಿಪಾಠ ಒಪ್ಪಿಸಿ ಶಭಾಷ್ ಅನಿಸಿಕೊಂಡಾಕಿ!

ಮುಂಜಾನೆ ‘ರಿ’ ಬಿಟ್ಟೆ. ಆಕಿ ಹೆಸರನ್ನ ಪೂರ್ತಿ, ಅವ್ವ ಹಚ್ಚಿ ಕರದೆ. ಆಕಿ ಹೊಳ್ಳಿ ನೋಡಲಿಲ್ಲ. ಬ್ಯಾರೆ ಯಾರನ್ನೋ ಕರದೆ ಅಂತ ತಿಳಕೊಂಡಾಳ. ಎರಡನೇ ಸಲಕ್ಕ ನೋಡಿದ್ಲು. “ನಮ್ಮವ್ವ ಹಂಗ ಕರೀತಿದ್ಲು ನೋಡ್ರಿ” ಅಂದು ಮತ್ತ ಭಾಂಡಿ ಕಡೆ ಹೊಳ್ಳಿದ್ಲು. ಮುಂದ ಏನೂ ಅನಲಿಲ್ಲ.

ಈಗ ಹದಿಮೂರು ದಿನಾ ಆತು. ನಂಗ ಆಗಾಗ ನಾಲಿಗಿ ತಪ್ಪಿ ತುಂಡು ಹೆಸರ ಬರ್ತೈತಿ, ಮತ್ತ ಜೋಡಸ್ತೀನಿ. ನಮ್ಮ ಮನೆಯವರು ಹಳೇದ್ನ ಮುಂದವರಿಸ್ಯಾರ, ನಾ ಜಗಳಾ ತಗದಿಲ್ಲ. ಮೊನ್ನೆ ಐತವಾರ ಮೊಮ್ಮಗ ವಿಡಿಯೋ ಕಾಲ್ ಮಾಡಿದಾಗ ಆಕಿನ್ನ ಕರಿ ಅಂದ. ಕೈ ಸೆರಗಿಗೆ ಒರಸಿಕೋತ ಬಂದು “ಸಣ್ಣ ಸಾವ್ಕಾರ್ರ, ಊಟಾ ಆತೇನ್ರಿ?” ಅಂದ್ಲು. ಆಂವ “ನಾ ಸಣ್ಣಾಂವ, ನನಗ ರಿ ಬ್ಯಾಡ್ರಿ” ಅಂದ. ಇಬ್ಬರೂ ನಕ್ಕರು.

ಆಕಿ ಚಾದ ಲೋಟಾ ಇನ್ನೂ ಹಿತ್ತಲ ಕಿಟಕ್ಯಾಗನ ಐತಿ, ನಮ್ಮ ಲೋಟಾದ ಜೋಡಿ ಅಲ್ಲ. ಆ ಮಾತು ನಾ ಇನ್ನೂ ಮನ್ಯಾಗ ತಗದಿಲ್ಲ.