ನೀರು ದಾರಿ ಬಿಟ್ಟಾಗ

ನಮ್ಮೂರ ಕೆರೆಯ ನಡುವೆ ಒಂದು ಗುಡ್ಡೆ ಇದೆ. ದೇವರಾಯನದುರ್ಗ, ಹುತ್ರಿದುರ್ಗ ಹತ್ತಿದವರು ಇದನ್ನ ನೋಡಿದ್ರೆ ನಕ್ಕುಬಿಡ್ತಾರೆ. ಎರಡು ಅಂತಸ್ತಿನ ಮನೆಯಷ್ಟು ಎತ್ತರ ಅಷ್ಟೇ. ಮೇಲೆ ನಾಲ್ಕು ಬಂಡೆ, ಒಂದು ಬೇವಿನ ಮರ, ಅದರ ಬುಡದಲ್ಲಿ ಅರಿಶಿನ ಬಳಿದ ಮೂರು ಕಲ್ಲು. ಆ ಕಲ್ಲುಗಳಿಗೆ ನಾವು ಗಂಗಮ್ಮ ಅಂತೀವಿ. ಕೆರೆ ತುಂಬಿದರೆ ಗುಡ್ಡೆ ದ್ವೀಪ ಆಗುತ್ತೆ, ಬತ್ತಿದರೆ ನಡೆದೇ ಹೋಗಬಹುದು. ಊರು ಇರೋದು ಗುಬ್ಬಿ ತಾಲ್ಲೂಕಿನಲ್ಲಿ. ಹೆಸರು ಬರೆಯಲ್ಲ, ಬರೆದರೆ ಅಪ್ಪನಿಗೆ ಹತ್ತು ಜನ ಫೋನ್ ಮಾಡ್ತಾರೆ.

ಚಿಕ್ಕವರಿದ್ದಾಗ ಬೇಸಿಗೆ ರಜೆ ಅಂದ್ರೆ ನನಗೂ ಅಕ್ಕನಿಗೂ ಆ ಗುಡ್ಡೆನೇ. ಮೊದಲು ಹತ್ತಿದವರು ಬೇವಿನ ಮರ ಮುಟ್ಟಿ ಕೂಗಬೇಕು. ಯಾವಾಗಲೂ ಅಕ್ಕನೇ ಕೂಗ್ತಿದ್ದಳು. ಆಮೇಲೆ ಅವಳನ್ನ ಕುಣಿಗಲ್ ಕಡೆಗೆ ಕೊಟ್ಟೆವು. ನಾನು ತುಮಕೂರಿನಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಬಂದೆ. ಗುಡ್ಡೆ ಮರೆತೇ ಹೋಗಿತ್ತು.

ಅದು ಮತ್ತೆ ನೆನಪಾಗಿದ್ದು ಸ್ಕಾಟ್ಲೆಂಡಿನಲ್ಲಿ, ನಗಬೇಡಿ. ಪ್ರಾಜೆಕ್ಟ್ ಮೇಲೆ ಆರು ತಿಂಗಳು ಎಡಿನ್‌ಬರೋದಲ್ಲಿದ್ದೆ. ಊರಿನ ಅಂಚಿನಲ್ಲಿ ಕ್ರಾಮಂಡ್ ಅಂತ ಒಂದು ಹಳ್ಳಿ, ಅದರೆದುರು ಸಮುದ್ರದಲ್ಲಿ ಸುಮಾರು ಒಂದು ಮೈಲಿ ಆಚೆ ಪುಟ್ಟ ದ್ವೀಪ. ದಿನಕ್ಕೆ ಎರಡು ಸಲ ನೀರು ಇಳಿದಾಗ ಮಧ್ಯೆ ಒಂದು ಕಲ್ಲುಹಾದಿ ಎದ್ದು ಬರುತ್ತೆ. ಅದರ ಪಕ್ಕದಲ್ಲೇ ಎರಡನೇ ಮಹಾಯುದ್ಧದ ಕಾಲದ ಕಾಂಕ್ರೀಟ್ ಕಂಬಗಳ ಸಾಲು, ದೊಡ್ಡ ಬಾಚಣಿಗೆ ನಿಲ್ಲಿಸಿದ ಹಾಗೆ. ಶನಿವಾರ ಒಬ್ಬನೇ ನಡೆದು ಹೋದೆ. ಗುಡ್ಡದ ನೆತ್ತಿಯಲ್ಲಿ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

"ನಮ್ ಕೆರೆ ಗುಡ್ಡೆ ಇದ್ದಂಗೈತಲ್ಲೋ," ಅಂದ ಅಪ್ಪ.

ನಿಜ ಹೇಳಬೇಕಂದ್ರೆ ಅಪ್ಪನಿಗೆ ಗುಡ್ಡವೂ ಬೇಕಿರಲಿಲ್ಲ, ಸಮುದ್ರವೂ ಬೇಕಿರಲಿಲ್ಲ. ದಡದಲ್ಲಿ ಹಾಕಿದ್ದ ಬೋರ್ಡಿನ ಬಗ್ಗೆ ಹೇಳಿದ ಮೇಲೆ ಅದನ್ನೇ ಹಿಡಕೊಂಡ. ಇವತ್ತು ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಹೋಗಿ ಬನ್ನಿ ಅಂತ ಅದರಲ್ಲಿ ಬರೆದಿರ್ತಾರೆ. ನೀರು ಪೂರ್ತಿ ಇಳಿಯೋ ಹೊತ್ತಿಗೆ ಎರಡು ಗಂಟೆ ಹಿಂದೆ, ಎರಡು ಗಂಟೆ ಮುಂದೆ, ಅಷ್ಟೇ ಟೈಮು. ಮೀರಿದರೆ ಸಿಕ್ಕಿಹಾಕಿಕೊಂಡ ಹಾಗೆ. ಆಗ ಹತ್ತಿರದ ಕ್ವೀನ್ಸ್‌ಫೆರಿಯಿಂದ ಲೈಫ್‌ಬೋಟ್ ಬರಬೇಕು.

"ನಾಳೆ ಎಷ್ಟೊತ್ತಿಗೆ ನೀರು ಬತ್ತೈತೆ ಅಂತ ಇವತ್ತೇ ಗೊತ್ತಾ?"

"ನಾಳೆದಲ್ಲಪ್ಪ, ಮುಂದಿನ ವರ್ಷದ್ದೂ ಗೊತ್ತು. ಚಂದ್ರನ ಲೆಕ್ಕ. ನಮ್ಮ ಪಂಚಾಂಗದಲ್ಲಿ ಹುಣ್ಣಿಮೆ ಹಾಕಲ್ವಾ, ಹಂಗೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಮ್ ಕಾಲುವೆಗೂ ಅಂಥದ್ದೊಂದು ಬೋರ್ಡ್ ಹಾಕ್ಸಕ್ಕಾಗಲ್ವೇನ್ಲಾ?" ಅಂದ.

ಇದು ತಮಾಷೆಗೆ ಕೇಳಿದ್ದಲ್ಲ. ನಮ್ಮ ಕೆರೆಗೆ ಮಳೆ ನೀರು ಬಿಟ್ಟರೆ ಬರೋದು ಹೇಮಾವತಿ ನೀರು. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಲ್ಲಿಂದ ಹೊರಟ ಕಾಲುವೆ ನಮ್ಮ ತಾಲ್ಲೂಕು ಹಾದು ತುಮಕೂರು, ಕುಣಿಗಲ್ ಕಡೆ ಹೋಗುತ್ತೆ. ನಾನು ತುಮಕೂರಿನ ರೂಮಿನಲ್ಲಿ ನಾಲ್ಕು ವರ್ಷ ಕುಡಿದದ್ದೂ ಅದೇ ನೀರು, ಬುಗುಡನಹಳ್ಳಿ ಕೆರೆಯಿಂದ ನಲ್ಲಿಗೆ ಬಂದದ್ದು. ಆದರೆ ಯಾವತ್ತು ಗೇಟ್ ಎತ್ತುತ್ತಾರೆ, ನಮ್ಮ ತೂಬಿಗೆ ಎಷ್ಟು ದಿನ ಬಿಡ್ತಾರೆ, ಊರಲ್ಲಿ ಯಾರಿಗೂ ಮೊದಲೇ ಗೊತ್ತಾಗಲ್ಲ. ನಮ್ಮ ಆಫೀಸಿನಲ್ಲಿ ಸರ್ವರ್ ಹತ್ತು ನಿಮಿಷ ನಿಲ್ಲಿಸಬೇಕಾದ್ರೂ ವಾರಕ್ಕೆ ಮೊದಲೇ ಮೇಲ್ ಹೋಗಿರುತ್ತೆ. ಅಪ್ಪನಿಗೆ ಇರೋದು ಮುನ್ನೂರು ಅಡಿಕೆ ಗಿಡ. ಅವಕ್ಕೆ ಯಾರೂ ಮೇಲ್ ಕಳಿಸಲ್ಲ.

2022ರ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು, ನಮ್ಮದೂ ಬಿತ್ತು. ಮರುವರ್ಷವೇ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅದರ ಹಿಂದೆಯೇ ಲಿಂಕ್ ಕೆನಾಲ್ ಗಲಾಟೆ ಜೋರಾಯ್ತು. ಮೇಲಿನಿಂದಲೇ ಪೈಪ್ ಹಾಕಿ ಕುಣಿಗಲ್, ಮಾಗಡಿ ಕಡೆಗೆ ನೇರ ನೀರು ಒಯ್ಯೋ ಯೋಜನೆ. ಗುಬ್ಬಿ, ತುಮಕೂರು ಕಡೆ ಧರಣಿ, ಬಂದ್. ಕುಣಿಗಲ್ ಕಡೆ, ಕೆಲಸ ಬೇಗ ಆಗಲಿ ಅಂತ ಒತ್ತಾಯ. ನಮ್ಮ ಮನೆಯಲ್ಲಿ ಎರಡೂ ಕಡೆ ಜನ ಇದ್ದಾರೆ.

ಅಕ್ಕನ ಮನೆ ಗೃಹಪ್ರವೇಶದ ದಿನ ಊಟಕ್ಕೆ ಕೂತಾಗ ಮಾತು ಅಲ್ಲಿಗೇ ಹೋಯ್ತು. "ಮೇಲಿಂದ್ಲೇ ಪೈಪಲ್ಲಿ ತಗಂಡು ಹೋದ್ರೆ ನಮ್ ತೂಬಿಗೆ ಗಾಳಿ ಬತ್ತೈತೆ ಅಷ್ಟೇಯ," ಅಂದ ಅಪ್ಪ. ಭಾವ ಎಲೆ ನೋಡಿಕೊಂಡೇ, "ಕಾಲುವೆ ಕೊನೇಲಿರೋ ನಮಗೆ ಇಷ್ಟು ವರ್ಷ ಬಂದಿದ್ದೂ ಅದೇ ಗಾಳಿನೇ ಮಾವ," ಅಂದ್ರು. ಅಷ್ಟೇ ಮಾತು. ಅಪ್ಪ ಪಾಯಸ ಮುಟ್ಟದೆ ಎದ್ದ. ಅವತ್ತಿನಿಂದ ಕುಣಿಗಲ್ ದಾರಿ ಹಿಡಿದಿಲ್ಲ. ಅಕ್ಕ ಫೋನ್ ಮಾಡಿದರೆ "ನಿಮ್ಮಮ್ಮನಿಗೆ ಕೊಡ್ತೀನಿ ತಡಿ" ಅಂತಾನೆ. ಕುಣಿಗಲ್ ಕೆರೆ ಮೇಲೆ ನಾಡೆಲ್ಲ ಹಾಡೋ ಹಾಡೇ ಇದೆ, ನಮ್ಮ ಕೆರೆ ಮೇಲೆ ಬೈಗುಳ ಬಿಟ್ಟರೆ ಏನೂ ಇಲ್ಲ ಅಂತ ಅಮ್ಮ ಒಮ್ಮೆ ನಗಿಸೋಕೆ ನೋಡಿದಳು. ಅಪ್ಪ ನಗಲಿಲ್ಲ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಕೆರೆ ಮತ್ತೆ ಬತ್ತಿತ್ತು. ವರ್ಷತೊಡಕಿನ ಬೆಳಗ್ಗೆ, ಇನ್ನೂ ಬಿಸಿಲು ಏರಿರಲಿಲ್ಲ, "ಗುಡ್ಡೆಗೆ ಹೋಗ್ ಬರೋಣ್ವಾ?" ಅಂದೆ. ಮಂಡಿ ನೋವು ಅಂತಾನೇನೋ ಅಂದುಕೊಂಡೆ. ಅಪ್ಪ ಕೋಲು ತಗೊಂಡು ನನಗಿಂತ ಮೊದಲೇ ಹೊರಟ.

ಏರಿ ಇಳಿದು ತೂಬಿನ ಪಕ್ಕದಿಂದ ಕೆರೆ ಅಂಗಳಕ್ಕೆ ಕಾಲಿಟ್ಟೆವು. ಮೇಲುಮಣ್ಣು ಬಿರಿದು ಹಪ್ಪಳದ ಹಾಗೆ ಅಂಚು ಎತ್ತಿಕೊಂಡಿತ್ತು, ಮೆಟ್ಟಿದರೆ ಪಟಪಟ ಮುರಿಯೋದು. ಅಲ್ಲಲ್ಲಿ ಟ್ರ್ಯಾಕ್ಟರಿನವರು ತೋಟಕ್ಕೆ ಗೋಡು ತೆಗೆದ ಗುಂಡಿಗಳು. ಒಣಗಿದ ಚಿಪ್ಪುಗಳು, ಒಂದು ಹರಿದ ಮೀನಿನ ಬಲೆ, ಯಾರದೋ ಹೆಲ್ಮೆಟ್. ನಡುವಿನಲ್ಲಿ ಹಳೆಯ ಹಳ್ಳದ ಜಾಡು ಸಿಕ್ಕಿತು. ನೋಡೋಕೆ ಅದೂ ಒಣಗಿದ ಹಾಗೇ ಇತ್ತು. ಅಪ್ಪ ಕೋಲು ಚುಚ್ಚಿ ನೋಡಿ, "ಇಲ್ಲಿ ಬೇಡ, ಮೇಲ್ಗಡೆಯಿಂದ ಸುತ್ಕಂಡು ಬಾ," ಅಂದ. ನಾನು ಕೇಳಲಿಲ್ಲ. ಎರಡನೇ ಹೆಜ್ಜೆಗೇ ಮೊಣಕಾಲುದ್ದ ಕೆಸರು. ಕಾಲು ಬಂತು, ಶೂ ಬರಲಿಲ್ಲ. ಕ್ರಾಮಂಡ್‌ನಲ್ಲಿ ಒಂದು ಹನಿ ತಾಗದೆ ಬಂದಿದ್ದ ಶೂ ಅದು. ಅಪ್ಪ ದಡದಲ್ಲಿ ನಿಂತು ಬಹಳ ದಿನದ ಮೇಲೆ ಜೋರಾಗಿ ನಕ್ಕ. ಆಮೇಲೆ ಅವನೇ ಕೋಲು ಹಾಕಿ ಶೂ ಎತ್ತಿಕೊಟ್ಟ.

ಗುಡ್ಡೆ ಹತ್ತೋಕೆ ಐದು ನಿಮಿಷವೂ ಬೇಕಾಗಲಿಲ್ಲ. ಅಪ್ಪ ಕಲ್ಲುಗಳ ಮುಂದೆ ಕಡ್ಡಿ ಹಚ್ಚಿ, ಹಿಂದಿನ ದೊಡ್ಡ ಬಂಡೆ ಹತ್ತಿರ ಕರೆದ. ಬಂಡೆ ಮೈಮೇಲೆ ಬಿಳಿ ಗೆರೆ, ನನ್ನ ಎದೆಯ ಮಟ್ಟಕ್ಕೆ. "ಇದು ಕೋಡಿ ಬಿದ್ದ ವರ್ಷದ್ದು," ಅಂದ. ಆಮೇಲೆ ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು ಬುಡದ ಹತ್ತಿರ ಬೆರಳಿಟ್ಟ. ಅಲ್ಲೊಂದು ತೆಳು ಗೆರೆ. "ಇದು ಹೋದ್ ವರ್ಷದ್ದು."

ನಾನು ಏನೂ ಯೋಚಿಸದೆ ಅಕ್ಕನಿಗೆ ವಿಡಿಯೋ ಕಾಲ್ ಹಾಕಿದೆ. ಅವಳಿಗೆ ಮೊದಲು ಕಂಡದ್ದು ಬೇವಿನ ಮರ. "ಅಯ್ಯೋ ಮುಟ್ಟೋ ಅದನ್ನ, ನನ್ ಹೆಸರಲ್ಲಿ ಮುಟ್ಟೋ!" ಅಂತ ಕೂಗಿದಳು. ಮುಟ್ಟಿದೆ. ಅವಳ ಹಿಂದೆ ಭಾವ ಟವೆಲ್ ಹೊದ್ದು ಕಾಫಿ ಕುಡೀತಿದ್ರು. ಫೋನು ಅವರ ಕೈಗೆ ಹೋಯ್ತು. ನಾನು ಇಲ್ಲಿ ಅಪ್ಪನ ಕೈಗೆ ಕೊಟ್ಟುಬಿಟ್ಟೆ.

ಇಬ್ಬರೂ ಮುಖ ನೋಡಿಕೊಂಡರು. ಕೊನೆಗೆ ಭಾವನೇ, "ಹೋದ ವರ್ಷ ಎಲ್ಲಿಗಂಟ ಬಂದಿತ್ತು ಮಾವ ನೀರು?" ಅಂದ್ರು.

ಅಪ್ಪ ಮಾತಾಡಲಿಲ್ಲ. ಫೋನನ್ನ ಬಂಡೆಯ ಬುಡಕ್ಕೆ ತಿರುಗಿಸಿ ಆ ತೆಳು ಗೆರೆ ತೋರಿಸಿದ.

"ನಮ್ದು ಇನ್ನೂ ಕೆಳಗೈತೆ ಮಾವ."

"ಹೂಂ," ಅಂದ ಅಪ್ಪ. "ಕಾಫಿ ಆರೋಯ್ತದೆ, ಕುಡೀರಿ."

ಬಿಸಿಲು ಏರಿತ್ತು. ವಾಪಸ್ ಬರುವಾಗ ನಾನು ಮಾತಿಲ್ಲದೆ ಮೇಲ್ಗಡೆಯಿಂದ ಸುತ್ತಿಕೊಂಡೇ ಬಂದೆ. ಏರಿ ಹತ್ತುವಾಗ ಅಪ್ಪ ನಿಂತು ಉಸಿರು ತಗೊಂಡು, "ಅವತ್ತು ಹೇಳಿದ್ಯಲ್ಲ, ಆ ಬೋರ್ಡಿಂದು ಫೋಟೋ ಐತಾ?" ಅಂದ.

"ಐತೆ."

"ನಿಮ್ ಭಾವನಿಗೂ ಒಂದು ಕಳ್ಸು."