ಸುಣ್ಣ ಕಲಿಸಿದ ಪಾಠ



ಹೋದ ವರ್ಷ ದೀಪಾವಳಿಗೆ ನಮ್ಮ ಮನೆಗೆ ಸುಣ್ಣ ಹಚ್ಚುವುದಿತ್ತು. ಅಪ್ಪ ಪೇಟೆಯಿಂದ ಸುಣ್ಣದ ಹರಳು ತಂದಿಟ್ಟು ಹೊಲಕ್ಕೆ ಹೋಗಿದ್ದ. ನಮ್ಮ ಆಯಿ ಪ್ರತಿ ವರ್ಷ ಹರವಿ ತುಂಬ ತಣ್ಣೀರು ಹಾಕಿ, ಅದರೊಳಗೆ ಒಂದೊಂದೇ ಹರಳು ಬಿಡುತ್ತಾಳೆ. ಅದು ಬುಸುಬುಸು ಅನ್ನುತ್ತ ನಿಧಾನ ಅರಳುತ್ತದೆ. ರಾತ್ರಿಯೆಲ್ಲ ಹಾಗೇ ಬಿಟ್ಟು, ಮರುದಿನ ಸೋಸಿ, ನೀಲಿ ಕೂಡಿಸಿ ಹಚ್ಚುವುದು ಅವಳ ಪದ್ಧತಿ.

ನನಗೋ ಗೆಳೆಯರ ಜೋಡಿ ಶಬರಿಕೊಳ್ಳಕ್ಕೆ ಹೋಗುವ ಅವಸರ. ಹರಳನ್ನು ಪುಡಿ ಮಾಡಿದರೆ ಬೇಗ ಅರಳೀತು ಎಂದು ಲೆಕ್ಕ ಹಾಕಿದೆ. ಚೀಲದಲ್ಲಿಟ್ಟು ಕಲ್ಲಿನಿಂದ ಜಜ್ಜಿ, ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದು, ಮೇಲೆ ಎರಡು ತಂಬಿಗೆ ನೀರು ಹೊಯ್ದೆ.

"ಏ ಹುಡುಗಾ, ದೂರ ಸರಿ!" ಎಂದು ಅವ್ವ ಓಡಿ ಬಂದು ನನ್ನನ್ನು ದಬ್ಬಿದಳು. ಅಷ್ಟರಲ್ಲಿ ಸುಣ್ಣ ಕೊತಕೊತ ಕುದ್ದು ಸಿಡಿಯಿತು. ನನ್ನ ಮುಖಕ್ಕೆ ಸಿಡಿಯಬೇಕಾದದ್ದು ಅವ್ವನ ಬಲಗೈ ಮೇಲೆ ಬಿತ್ತು. ಬಕೆಟ್ಟಿನ ಬುಡ ಮೆತ್ತಗಾಗಿ ಸೊಟ್ಟಾಗಿತ್ತು.

ಆಯಿ ಅವ್ವನ ಕೈ ಮೇಲೆ ಕೊಡಗಟ್ಟಲೆ ನೀರು ಸುರಿದಳು. ದವಾಖಾನೆಯಲ್ಲಿ ಅಕ್ಕಾರು, "ಬಾಳ ಹೊತ್ತು ನೀರು ಹಾಕಿದ್ದು ಚಲೋ ಆತು. ಇಂಥಾದ್ದಕ್ಕ ಎಣ್ಣಿ ಗಿಣ್ಣಿ ಹಚ್ಚಬಾರದು" ಅಂದರು. ಹತ್ತು ದಿನ ಅವ್ವ ಹತ್ತಿ ಬಿಡಿಸಲು ಹೋಗಲಿಲ್ಲ. ಅಷ್ಟೂ ದಿನದ ಕೂಲಿ ಹೋಯಿತು. ಯಾರೂ ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು.

ರಜೆ ಮುಗಿದ ಮೇಲೆ ವಿಜ್ಞಾನದ ಗುರುಗಳನ್ನು ಕೇಳಿದೆ: "ಸರ್, ಸುಣ್ಣನೂ ಅದ, ನೀರೂ ಅದ. ಆಯಿ ಮಾಡಿದ್ರ ಸಿಡಿಯೂದಿಲ್ಲ, ನಾ ಮಾಡಿದ್ರ ಯಾಕ ಸಿಡೀತ್ರಿ?"

ಅವರು ತಿಳಿಸಿ ಹೇಳಿದರು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಸುಟ್ಟ ಸುಣ್ಣವಾಗುತ್ತದೆ. ಅದು ನೀರಿನೊಡನೆ ಕೂಡಿ ಅರಳಿದ ಸುಣ್ಣವಾಗುವಾಗ ಶಾಖ ಹೊರಬರುತ್ತದೆ. ಹರಳಿದ್ದರೆ ನೀರು ಮೊದಲು ಹೊರಮೈಗೆ ಮಾತ್ರ ತಾಗುತ್ತದೆ. ಪುಡಿ ಮಾಡಿದರೆ ಕಣಕಣಕ್ಕೂ ಒಮ್ಮೆಗೇ ತಾಗುತ್ತದೆ. ಆಗ ಕ್ರಿಯೆಯ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದರೆ ಶಾಖ ಹೆಚ್ಚು, ಶಾಖ ಹೆಚ್ಚಿದರೆ ವೇಗ ಇನ್ನೂ ಹೆಚ್ಚು! ಆಯಿಯ ಹರವಿಯಲ್ಲಿ ನೀರು ಬಹಳ ಇರುವುದರಿಂದ ಅದು ಶಾಖವನ್ನು ಹೀರಿಕೊಳ್ಳುತ್ತದೆ. ನಾನು ಹಾಕಿದ್ದು ಎರಡೇ ತಂಬಿಗೆ. ಅದಕ್ಕೇ ನೀರು ಕುದ್ದು ಸಿಡಿಯಿತು.

ನೀವು ಸುಣ್ಣ ಮುಟ್ಟಬೇಡಿರಿ. ಬೇಕಾದರೆ ತತ್ತಿಯ ಸಿಪ್ಪೆಯಿಂದ ನೋಡಿರಿ. ಅದರಲ್ಲಿ ಹೆಚ್ಚಾಗಿ ಇರುವುದು ಸುಣ್ಣದ ಕಲ್ಲಿನಲ್ಲಿರುವ ವಸ್ತುವೇ. ಒಂದು ಬಟ್ಟಲಲ್ಲಿ ಸಿಪ್ಪೆಯ ಚೂರು, ಇನ್ನೊಂದರಲ್ಲಿ ಸಿಪ್ಪೆಯ ಪುಡಿ ಇಟ್ಟು ಲಿಂಬಿ ರಸ ಹಿಂಡಿರಿ. ಪುಡಿಯಲ್ಲಿ ಗುಳ್ಳೆ ಬೇಗ ಏಳುತ್ತವೆ. ರಸಕ್ಕೆ ನೀರು ಬೆರೆಸಿದರೆ ಗುಳ್ಳೆ ಕಡಿಮೆಯಾಗುತ್ತವೆ. ರಸ ಉಗುರುಬೆಚ್ಚಗಿದ್ದರೆ ಹೆಚ್ಚುತ್ತವೆ. ಅಂದರೆ ಕಣದ ಗಾತ್ರ, ದ್ರಾವಣದ ಸಾರತೆ, ಉಷ್ಣತೆ ಇವು ಮೂರೂ ಕ್ರಿಯೆಯ ವೇಗವನ್ನು ಬದಲಿಸುತ್ತವೆ.

ಪುಡಿ ಬೇಗ ಅರಳುತ್ತದೆ ಎಂದು ನಾನು ಹಾಕಿದ ಲೆಕ್ಕ ತಪ್ಪಿರಲಿಲ್ಲ. ಆದರೆ ಬೇಗ ಆದರೆ ಏನಾಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಯಿ ಶಾಲೆ ಕಲಿತವಳಲ್ಲ. ಆದರೂ ಅವಳಿಗೆ ಅದು ಗೊತ್ತಿತ್ತು.

ಗೋಡೆಗೆ ಹಚ್ಚಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆಯಂತೆ. ಅದಕ್ಕೆ ಬಹಳ ದಿನ ಬೇಕು. ಅವ್ವನ ಕೈ ಮೇಲಿನ ಕಲೆ ಇನ್ನೂ ಮಾಸಿಲ್ಲ. ಈ ಸಲ ಸುಣ್ಣ ಅರಳಿಸುವಾಗ ಆಯಿಯ ಹರವಿಗೆ ನೀರು ತುಂಬಿಕೊಟ್ಟು, ದೂರ ನಿಂತು ನೋಡುತ್ತೇನೆ.

ಇಂತಿ ನಿಮ್ಮವ,
7ನೇ ತರಗತಿಯ ವಿದ್ಯಾರ್ಥಿ, ಸುರೇಬಾನ